ಅಪ್ಪ ನಗದೆ ಹೇಳಿದ್ದು

ಚಳ್ಳಕೆರೆ
೧೧ ಫೆಬ್ರುವರಿ ೨೦೨೫

ಪ್ರೀತಿಯ ಸ್ವಪ್ನ,

ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ಬರೆಯಲು ಕೂತಾಗಲೆಲ್ಲ ಕೂಸು ಚಾರ್ವಿ ಏಳುತ್ತಾಳೆ, ಅವಳು ಮಲಗಿದರೆ ನನ್ನ ಕೈಯೇ ಏಳುವುದಿಲ್ಲ. ತಪ್ಪು ತಿಳಿಯಬೇಡ. ಫೋನ್ ಇದ್ದೂ ಕಾಗದ ಬರೆಯುವ ನಮ್ಮ ಹಾಸ್ಟೆಲಿನ ಹುಚ್ಚು ನಿನ್ನಲ್ಲಿ ಇನ್ನೂ ಉಳಿದಿದೆಯಲ್ಲ, ಒಳ್ಳೆಯದೇ ಆಯಿತು. ಈ ವಿಷಯ ಬಾಯಲ್ಲಿ ಹೇಳಹೋದರೆ ನಡುವೆ ಅತ್ತುಬಿಡುತ್ತೇನೆ. ಕಾಗದದಲ್ಲಾದರೆ ನಿಂತು ನಿಂತು ಹೇಳಬಹುದು. ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಮೈಸೂರಿನ ಚಳಿ ಬಿಟ್ಟಿತೇ? ಇಲ್ಲಿ ಆಗಲೇ ಬಿಸಿಲು. ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯ ವಾಸನೆ ಮಧ್ಯಾಹ್ನವಾದರೆ ಮನೆಯೊಳಗೇ ಬಂದು ಕೂರುತ್ತದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಬ್ರಿಟಿಷರ ಹಾಸ್ಯ ಅಮೆರಿಕದವರಿಗೆ ದಾಟುತ್ತದೆಯೇ ಅಂತ ನಿನ್ನ ಪಿಎಚ್.ಡಿ.ಗೆ ಒಂದು ಅಧ್ಯಾಯ ಬರೆಯಬೇಕು, ಹಾಸ್ಟೆಲಿನಲ್ಲಿ ನೋಡಿದ್ದನ್ನೆಲ್ಲ ನೆನಪು ಮಾಡಿಕೊಡು ಅಂದಿದ್ದೀಯ. ನನಗೆ ಚೆನ್ನಾಗಿ ನೆನಪಿದೆ. ಮೊದಲು ಇಂಗ್ಲೆಂಡಿನ ಧಾರಾವಾಹಿ ನೋಡುತ್ತಿದ್ದೆವು, ಆಮೇಲೆ ಅದನ್ನೇ ಅಮೆರಿಕದವರು ಮತ್ತೆ ತೆಗೆದದ್ದು. ಅದೇ ಕಥೆ, ಹೆಚ್ಚುಕಡಿಮೆ ಅದೇ ಮಾತು. ಇಂಗ್ಲೆಂಡಿನವನು ಮುಖದ ಒಂದು ಗೆರೆಯೂ ಅಲ್ಲಾಡದಂತೆ ಹೇಳಿ ಚಹಾ ಕುಡಿಯುತ್ತ ಕೂರುತ್ತಿದ್ದ. ಅಮೆರಿಕದವನು ಹೇಳುವ ಮೊದಲೇ ಹುಬ್ಬು ಹಾರಿಸುತ್ತಿದ್ದ, ಹೇಳಿದ ಮೇಲೆ ಹಿಂದಿನಿಂದ ಯಾರೋ ಗೊಳ್ಳೆನ್ನುತ್ತಿದ್ದರು, ಇಲ್ಲಿ ನಗಬೇಕು ಅಂತ ನಮಗೂ ತಿಳಿಯಲಿ ಎಂದು. ಮೊದಲನೆಯದನ್ನು ನೋಡುವಾಗ ನೀನು "ಇವರೇನು ಜಗಳ ಆಡ್ತಿದಾರೇನೇ?" ಅಂತ ಕೇಳುತ್ತಿದ್ದೆ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ನಗು ನನಗೆ ಇಂಗ್ಲಿಷ್ ಓದಿ ಬಂದದ್ದಲ್ಲ ಕಣೇ. ಮೊಳಕಾಲ್ಮೂರಿನಲ್ಲಿ, ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತ ನಮ್ಮಪ್ಪನಿಂದ ಬಂದದ್ದು.

ನೀನೂ ಅಪ್ಪನನ್ನು ನೋಡಿದ್ದೀಯ. ಒಮ್ಮೆ ಬಳ್ಳಾರಿ ಕಡೆಯಿಂದ ರೇಷ್ಮೆ ಸೀರೆಗೆ ಬಂದಿದ್ದ ಹೆಂಗಸೊಬ್ಬಳು, "ಎಷ್ಟು ವರ್ಷ ಬಾಳಿಕೆ ಬರ್ತದಪ್ಪಾ ಇದು?" ಅಂದಳು. ಅಪ್ಪ ಲಾಳಿ ಎಸೆಯುವುದನ್ನು ನಿಲ್ಲಿಸದೆ, "ನಿಮ್ಮ ಯಜಮಾನ್ರಿಗಿಂತ ಒಂದೆರಡು ವರ್ಷ ಜಾಸ್ತಿ ಬರ್ತೈತೆ, ತಲ್ಲಿ" ಅಂದ. ಮಗಳು, ಗಿರಾಕಿ, ಯಾರಾದರೂ ಅಪ್ಪನಿಗೆ ತಲ್ಲಿಯೇ, ತೆಲುಗಿನ ತಾಯಿ. ಆಕೆ ತಲೆಯಾಡಿಸಿ, ಸೀರೆ ತೆಗೆದುಕೊಂಡು, ಬಾಗಿಲವರೆಗೆ ಹೋದವಳು ತಿರುಗಿ ನೋಡಿದಳು. ಅಪ್ಪ ನೇಯುತ್ತಲೇ ಇದ್ದ. ತನ್ನ ಮಾತಿಗೆ ತಾನು ನಕ್ಕದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. "ಮದ್ವಿ ಮನೆಗೂ ಸಾವಿನ ಮನೆಗೂ ಒಂದೇ ಮುಖ ಇಟ್ಕಂಡು ಹೋಗ್ತಾನೆ ಈವಯ್ಯ" ಅನ್ನುತ್ತಾಳೆ ಅವ್ವ.

ಮೊಳಕಾಲ್ಮೂರಿನಿಂದ ಚಳ್ಳಕೆರೆ ಬಸ್ಸಿನಲ್ಲಿ ಒಂದು ತೂಕಡಿಕೆಯಷ್ಟು ದೂರ. ಆದರೆ ನನ್ನ ಅತ್ತೆ ಯರ್ರಮ್ಮನವರದು ಬೇರೆ ಲೋಕ. ಅವರು ಹೇಳುವ ಮೊದಲೇ ನಕ್ಕು ಸುಸ್ತಾಗಿರುತ್ತಾರೆ. "ಏ ತೇಜಿ, ಇದ್ನ ಕೇಳಿದ್ರೆ ನೀನು ಬಿದ್ದು ಬಿದ್ದು ನಗ್ತೀಯ ನೋಡು" ಅಂತ ನನ್ನ ತೊಡೆಗೆ ಬಡಿದು ಶುರು ಮಾಡುತ್ತಾರೆ. ನಗದಿದ್ದರೆ ಮತ್ತೊಮ್ಮೆ ಹೇಳುತ್ತಾರೆ. ಮನಸ್ಸು ಒಳ್ಳೆಯದು.

ಚಾರ್ವಿಯ ನಾಮಕರಣದ ಗಲಾಟೆಯನ್ನು ಆಗ ನಿನಗೆ ಅರ್ಧ ಹೇಳಿದ್ದೆ, ಈಗ ಪೂರ್ತಿ ಕೇಳು. ಅವಳಿಗೆ ಮೂರು ತಿಂಗಳು, ನಾನಿನ್ನೂ ಬಾಣಂತನಕ್ಕೆ ಮೊಳಕಾಲ್ಮೂರಿನಲ್ಲೇ ಇದ್ದೆ. ಮಗ್ಗದ ಪಕ್ಕದಲ್ಲೇ ಅವಳ ತೊಟ್ಟಿಲು. ಆ ಲಟಪಟ ಸದ್ದಿಗೆ ಬೆಕ್ಕೂ ಅಲ್ಲಿ ಮಲಗುವುದಿಲ್ಲ, ಇವಳು ಹಾಯಾಗಿ ಮಲಗುತ್ತಿದ್ದಳು. ಬಂದವರೆಲ್ಲ "ನೇಕಾರರ ರಕ್ತ ಅಲ್ವಾ" ಅಂತ ಹೊಗಳುತ್ತಿದ್ದರು. ಅವತ್ತು ನನ್ನ ನಾದಿನಿ ರೂಪ, ಸೋದರತ್ತೆಯಾಗಿ, ಮಗುವಿನ ಕಿವಿಯಲ್ಲಿ ಹೆಸರು ಪಿಸುಗುಟ್ಟಬೇಕಿತ್ತು. ತೊಟ್ಟಿಲಿಗೆ ಬಗ್ಗಿದಳು. ಎಲ್ಲರೂ ಸುಮ್ಮನಾದರು. ಗೋಡೆಗೆ ಒರಗಿ ನಿಂತಿದ್ದ ಅಪ್ಪ ಹೇಳಿದ:

"ಪಿಸಿಪಿಸಿ ಅಂದ್ರೆ ಆಗಲ್ಲ ತಲ್ಲಿ. ಕೂಸಿಗೆ ಕಿವಿ ಕೇಳ್ಸಲ್ಲ."

ನಮ್ಮ ಕಡೆಯವರೆಲ್ಲ ನಕ್ಕುಬಿಟ್ಟರು. ನಾನೂ. ದೊಡ್ಡಪ್ಪ ಪಾಲಣ್ಣ, "ತಡಿ, ಮೈಕ್‌ಸೆಟ್ ತರ್ಸಾನ" ಅಂದ. ಚಳ್ಳಕೆರೆಯಿಂದ ಬಂದವರ ಮುಖ ಕಪ್ಪಿಟ್ಟಿತು. "ಶುಭಕಾರ್ಯದಾಗೆ ಎಂಥಾ ಮಾತು ಬೀಗ್ರೇ ಇದು? ಹಸುಗೂಸಿಗೆ ಅನ್ನೋ ಮಾತಾ?" ಅಂದರು ಅತ್ತೆ. ನನ್ನ ಗಂಡ ಕಿರಣ್ ನಡುವೆ ಬಂದು, "ಅವ್ವ, ಮಾವ ತಮಾಷಿ ಮಾಡಿದ್ರು. ಅವ್ರು ಹಂಗೇ, ನಗೋದಿಲ್ಲ" ಅಂದ. ಧಾರಾವಾಹಿಯಲ್ಲಿ ಹಿಂದಿನಿಂದ ನಗುವವರು ಮಾಡುತ್ತಿದ್ದ ಕೆಲಸವನ್ನು ಅವನು ಮಾಡಿದ, ನೋಡು. ಆದರೂ ಅತ್ತೆ ಎಲೆಯ ಮುಂದೆ ಕೂರಲಿಲ್ಲ. ಅವ್ವ ಕಣ್ಣಲ್ಲೇ ಬೇಡಿಕೊಂಡಳು. ಅಪ್ಪ ಬೀಗಿತ್ತಿಗೆ ಕೈ ಮುಗಿದ. "ತಪ್ಪಾತು ತಲ್ಲಿ. ಇನ್ನ ಆ ಮಾತು ಎತ್ತಲ್ಲ."

ಎತ್ತಲಿಲ್ಲ. ನಾನು ಮಗುವನ್ನು ಎತ್ತಿಕೊಂಡು ಚಳ್ಳಕೆರೆಗೆ ಹೊರಡುವ ದಿನ ಅಪ್ಪ ಅವಳ ಕಿವಿಯ ಹಿಂದೆ ಒಂದು ಸಲ ಬೆರಳು ಆಡಿಸಿದ, ಅಷ್ಟೇ.

ಸಂಕ್ರಾಂತಿಯ ಹಿಂದಿನ ದಿನ ಅತ್ತೆಯ ಕೈಯಿಂದ ಹಿತ್ತಾಳೆ ಕೊಳಗ ಜಾರಿ ಅಡುಗೆಮನೆಯ ಕಲ್ಲಿನ ಮೇಲೆ ಬಿತ್ತು. ನಾನು ಬೆಚ್ಚಿಬಿದ್ದೆ. ತೊಡೆಯ ಮೇಲಿದ್ದ ಚಾರ್ವಿ ನನ್ನ ಸರ ಹಿಡಿದು ಆಡುತ್ತಲೇ ಇದ್ದಳು. ಕೊಳಗ ಉರುಳಿ ಉರುಳಿ ನಿಂತಿತು. ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಊರಿನ ಸದ್ದೆಲ್ಲ ನನ್ನನ್ನೇ ಹುಡುಕಿಕೊಂಡು ಬಂದ ಹಾಗಿದೆ. ಕುಕ್ಕರ್ ಕೂಗಲಿ, ಮಿಲ್ಲಿನ ಸೈರನ್ ಆಗಲಿ, ಮೊದಲು ಅವಳ ಮುಖ ನೋಡುತ್ತೇನೆ. ಹಿಂದೆ ನಿಂತು ಕಳ್ಳಿಯ ಹಾಗೆ ಚಪ್ಪಾಳೆ ತಟ್ಟುತ್ತೇನೆ. ಒಮ್ಮೆ ತಿರುಗಿದಳು. ನಾನು ಅವಳನ್ನು ಎತ್ತಿ ಕುಣಿದುಬಿಟ್ಟೆ. ಆಮೇಲೆ ತಿಳಿಯಿತು, ಗೋಡೆಯ ಮೇಲೆ ನನ್ನ ನೆರಳು ಅಲ್ಲಾಡಿತ್ತು. ಕಣ್ಣು ಮುಚ್ಚಿದರೆ ಈಗಲೂ ಮಗ್ಗ ಬಡಿಯುತ್ತದೆ, ಅದರ ಪಕ್ಕದಲ್ಲಿ ಅವಳು ಹಾಯಾಗಿ ಮಲಗಿರುತ್ತಾಳೆ.

ಹೋದ ವಾರ ದಾವಣಗೆರೆಗೆ ಕರೆದುಕೊಂಡು ಹೋದೆವು. ನಿದ್ದೆ ಬರಿಸಿ, ಹಣೆಗೂ ಕಿವಿಗೂ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿ, ಸ್ವಪ್ನ. ಈಗ ಯಂತ್ರ ಹಾಕಿ ನೋಡೋಣ, ಆಮೇಲೆ ಬೇಕಾದರೆ ಆಪರೇಷನ್ ಇದೆ, ಎಂಟು ತಿಂಗಳ ಮಗು, ತಡವಾಗಿಲ್ಲ ಅಂದರು ಡಾಕ್ಟರಮ್ಮ. ಬಸ್ಸಿನಲ್ಲಿ ಕಿರಣ್ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದ. ಸುದ್ದಿ ಕೇಳಿ ಅತ್ತೆ ದೇವರ ಮುಂದೆ ಕೂತರು, ಎದ್ದು ಬಂದು "ನಿಮ್ಮಪ್ಪನ ಬಾಯಿ ತಾಗ್ತು" ಅಂದರು. ಸ್ವಲ್ಪ ಹೊತ್ತಿಗೆ ತಾವೇ ಎಣ್ಣೆ ಬಟ್ಟಲು ಹಿಡಿದು ನನ್ನ ತಲೆಗೆ ಹಚ್ಚಲು ಕೂತರು.

ನಿನ್ನ ಅಧ್ಯಾಯಕ್ಕೆ ಇಷ್ಟು ಬರೆದುಕೋ. ಹಾಸ್ಯ ಹೇಗೋ ದಾಟುತ್ತದೆ, ನಡುವೆ ನಿಂತು ತಿಳಿಸಿ ಹೇಳುವ ಒಬ್ಬ ಕಿರಣ್ ಇದ್ದರೆ ಸಾಕು. ಆದರೆ ಅವತ್ತು ಒಂದು ಕಡೆಯವರು ನಕ್ಕೆವು, ಇನ್ನೊಂದು ಕಡೆಯವರು ಸಿಟ್ಟಾದರು. ಆ ಮನುಷ್ಯ ಕಂಡದ್ದನ್ನು ಹೇಳುತ್ತಿರಬಹುದು ಅಂತ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇದಕ್ಕೆ ನಿನ್ನ ಪುಸ್ತಕಗಳಲ್ಲಿ ಏನಾದರೂ ಹೆಸರಿದ್ದರೆ ನನಗೆ ತಿಳಿಸು.

ಅಮ್ಮನಿಗೆ ನನ್ನ ನಮಸ್ಕಾರ. ನಿನ್ನ ಓದು ಸುಖವಾಗಿ ಮುಗಿಯಲಿ. ನಿನ್ನ ಮನೆಯಲ್ಲಿ ಯಾವ ಪಾತ್ರೆ ಬಿದ್ದರೂ ಎಲ್ಲರೂ ಬೆಚ್ಚಿಬೀಳುವಂತಿರಲಿ, ಇದಕ್ಕಿಂತ ದೊಡ್ಡ ಹಾರೈಕೆ ಈಗ ನನಗೆ ತೋಚುತ್ತಿಲ್ಲ.

ನಿನ್ನ
ತೇಜಶ್ರೀ

ತಾ.ಕ.: ಇಷ್ಟು ಬರೆದು ಮಡಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. ಪರೀಕ್ಷೆಯ ಸುದ್ದಿ ಕಿರಣ್ ಮೊದಲೇ ತಿಳಿಸಿದ್ದ. ನನ್ನ ದನಿ ಕೇಳಿ ಅಪ್ಪ ಮಗ್ಗ ನಿಲ್ಲಿಸಿದ. "ಅಪ್ಪ, ಅವತ್ತು ತೊಟ್ಟಿಲ ಹತ್ರ ಅಂದ್ಯಲ್ಲ, ತಮಾಷಿಗೆ ಅಂದ್ಯಾ? ಇಲ್ಲಾ ಗೊತ್ತಾಗೇ ಅಂದ್ಯಾ?" ಅಂತ ಕೇಳಿದೆ. ಲಾಳಿ ಒಂದು ಸಲ ಆಚೆ ಹೋಗಿ ಈಚೆ ಬಂದ ಸದ್ದು ಕೇಳಿಸಿತು. ಆಮೇಲೆ, "ತಮಾಷಿಗೆ ಅಂದೆ ಕಣ್ ತಲ್ಲಿ. ನನಗೆಂಗೆ ಗೊತ್ತಾಗ್ತೈತೆ" ಅಂದ.

ಅಂದು, ತನ್ನ ಮಾತಿಗೆ ತಾನೇ ನಕ್ಕ. ಗಟ್ಟಿಯಾಗಿ ನಕ್ಕ, ಸ್ವಪ್ನ, ನನಗೆ ಕೇಳಿಸಲಿ ಅಂತ.