ಒಂದು ಗೇಣು ದೂರದ ಕೆಂಪು

ಅಪ್ಪನಿಗೆ,

ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆದಿಟ್ಟಿದ್ದೇನೆ.

ನಿನ್ನೆ ಬಿಲಿಯರ್ಡ್ಸ್‌ನಲ್ಲಿ ಮೊದಲ ಸಲ ನಿಮ್ಮನ್ನು ಸೋಲಿಸಿದೆ. ನನ್ನ ಹಳದಿ ಚೆಂಡು ಕೆಂಪನ್ನು ಸವರಿ, ಮೇಜಿನ ಅಂಚುಗಳಿಗೆ ಮೂರು ಸಲ ಬಡಿದು, ನಿಮ್ಮ ಬಿಳಿ ಚೆಂಡಿಗೆ ತಾಗಿದಾಗ ಕುಣಿದುಬಿಟ್ಟೆ. "ಅವಸರ ಬೇಡ ಕಣೇ, ಅಂಚನ್ನ ನಂಬು" ಎಂದು ಎರಡು ವರ್ಷ ಕಲಿಸಿದವರು ನೀವೇ.

ಮುಂದಿನ ಆಟದಲ್ಲಿ ನೀವು ನಿಮ್ಮ ಬಿಳಿ ಚೆಂಡನ್ನು ಬಿಟ್ಟು ನನ್ನ ಹಳದಿಯನ್ನೇ ಕೋಲಿನಿಂದ ಹೊಡೆದಿರಿ. "ತಮಾಷೆಗೆ ಹೊಡೆದೆ" ಎಂದಿರಿ, ನಾನೂ ನಕ್ಕೆ. ಆಮೇಲೆ "ಕೆಂಪು ಎಲ್ಲಿಗೆ ಹೋಯ್ತು?" ಎಂದು ಕೇಳಿದಿರಿ. ಅದು ನಿಮ್ಮ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ನಾನು ಗೆದ್ದದ್ದು ಹೇಗೆಂದು ಆಗ ತಿಳಿಯಿತು.

ನಾಳೆ ಒಂಬತ್ತಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ, ಜೊತೆಗೆ ನಾನೂ ಬರುತ್ತೇನೆ. ನೀವು ಓಡಿಸುವ ಶಾಲೆ ಬಸ್ಸಿಗೆ ಬೇರೆ ಡ್ರೈವರ್ ಬರುತ್ತಾರೆ. ನಿಮಗೆ ಜ್ವರ ಎಂದು ಸುಳ್ಳು ಹೇಳಿ, ಕೀಯನ್ನು ಅವರ ಕೈಗೆ ಕೊಟ್ಟಾಗಿದೆ. ಅದನ್ನು ತೂಗುಹಾಕುವ ಮೊಳೆಯಲ್ಲಿ ಹುಡುಕಬೇಡಿ. ಎಷ್ಟು ಬೇಕಾದರೂ ಬೈಯಿರಿ.

ಕೊನೆಯ ಸ್ಟಾಪಿನಲ್ಲಿ ಇಳಿಯುವ ಪುಟ್ಟ ಹುಡುಗಿ ದಿನಾ ನಿಮ್ಮ ಬಸ್ಸಿನ ಮುಂದಿನಿಂದಲೇ ರಸ್ತೆ ದಾಟುತ್ತಾಳೆ. ಅವಳ ಚೀಲ ಕೆಂಪು, ಅಪ್ಪ.

ನಿಮ್ಮ ಮಗಳು