ಹಪ್ಪಳ ಓಣಿಯಲ್ಲಿ ಇಳಿಯುವುದು

ಹುಬ್ಬಳ್ಳಿ, ಫೆಬ್ರವರಿ 30, 2151

ನನ್ನ ಅತ್ತೆಯ ಅತ್ತೆಯ ಅತ್ತೆಯ ಅತ್ತೆಯಾದ ಸಾವಂತ್ರವ್ವನವರಿಗೆ,

ನನ್ನ ಮದುವೆಯಾಯಿತು, ಅದೂ ನಿಮ್ಮ ಮನೆತನದ ಹುಡುಗನ ಜೊತೆ, ಮತ್ತು ಇಷ್ಟು ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ನೂರಿಪ್ಪತ್ತು ವರ್ಷ ಹಿಂದಿರುವ ನಿಮಗೇ ಬರೆಯುತ್ತಿದ್ದೇನೆ! ಹುಡುಗನ ಹೆಸರು ಫಕ್ಕೀರೇಶ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಅದು ನಿಮ್ಮಿಂದ ಬಂದದ್ದಂತೆ; ಥ್ಯಾಂಕ್ಸ್. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕಾಗದ ಬರೆಯುವ ಕನ್ನಡವನ್ನು ಈಚೆಗಷ್ಟೇ ಕಲಿತೆ. ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಈ ಕಾಗದವನ್ನು ಹಿಂದಿನ ಕಾಲಕ್ಕೆ ತಂದ ಅಂಚೆಯೂ ಸೇರಿ, ಕೆಲವು ವಸ್ತುಗಳೇ ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಉದಾಹರಣೆಗೆ ತೇಲುಗಾಡಿ. ಹಳಿಯನ್ನು ಮುಟ್ಟದೆ, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಓಡುವ ಊರಿನ ರೈಲು ಇದು. ಅದು ನಿಲ್ಲುವ ಜಾಗಕ್ಕೆ ನಿಲುಗಟ್ಟೆ ಎನ್ನುತ್ತೇವೆ. ಶಾಲೆ, ದವಾಖಾನೆ, ಸಂತೆ ಎಲ್ಲವೂ ನಿಲುಗಟ್ಟೆಯ ಮೇಲೆಯೇ. ವರ್ಷಕ್ಕೊಮ್ಮೆ ಜನರ ಕೂಟ ಸೇರುವುದೂ ಅಲ್ಲಿಯೇ. ಕೂಟದಲ್ಲಿ ಕುಳಿತವರು ಕೇಳಿದ್ದು ಮಾತ್ರ ಊರಿನ ನಕ್ಷೆಗೆ ಸೇರುತ್ತದೆ. ನಾನು ಬೆಳೆದ ಲೇಔಟಿನ ಗೇಟಿಗೇ ನಿಲುಗಟ್ಟೆ ಇದೆ. ಕಾಫಿ ಲೋಟ ಹಿಡಿದುಕೊಂಡೇ ಗಾಡಿ ಹತ್ತುತ್ತಿದ್ದೆ. ನಿಮ್ಮ ಹಪ್ಪಳ ಓಣಿಗೆ ನಿಲುಗಟ್ಟೆ ಇಲ್ಲ. ನಿಲುಗಟ್ಟೆ ಇಲ್ಲದವರಿಗೆ ಕೂಟವಿಲ್ಲ. ಕೂಟವಿಲ್ಲದವರಿಗೆ ನಿಲುಗಟ್ಟೆ ಬೇಕೆಂದು ಕೇಳಲು ಜಾಗವೇ ಇಲ್ಲ. ಓಣಿಯ ಮೂರು ಕಡೆ ಬೇಲಿರಸ್ತೆಗಳಿವೆ, ಅವುಗಳನ್ನು ಕಾಲ್ನಡಿಗೆಯಲ್ಲಿ ದಾಟುವಂತಿಲ್ಲ. ನಾಲ್ಕನೆಯ ಕಡೆ ಗಾಡಿಯ ತಿರುವು. ಅಲ್ಲಿ ಅದು ಸ್ವಲ್ಪ ನಿಧಾನವಾಗುತ್ತದೆ. ಓಣಿಯವರು ಆಗ ಬಾಗಿಲು ಸರಿಸಿ ಹೊರಗೆ ಜಿಗಿಯುತ್ತಾರೆ. ಹತ್ತುವುದೂ ಹಾಗೆಯೇ, ಓಡುತ್ತ. ಗಾಡಿಗೆ ಸದ್ದೇ ಇಲ್ಲ. ಅದಕ್ಕೇ ಅಲ್ಲಿ ಸಣ್ಣ ಮಕ್ಕಳನ್ನು ಸೊಂಟಕ್ಕೆ ಹಗ್ಗ ಕಟ್ಟಿ ಆಡಲು ಬಿಡುತ್ತಾರೆ.

ಫಕ್ಕೀರೇಶ ನನಗೆ ಸಿಕ್ಕಿದ್ದು ಆ ಗಾಡಿಯಲ್ಲಿಯೇ. ಓಡುವ ಗಾಡಿಯ ಬಾಗಿಲಿನಿಂದ ಹೊರಗೆ ಕಾಲು ಚಾಚಿದವನನ್ನು ನೋಡಿ, ಸಾಯಲು ಹೊರಟಿದ್ದಾನೆಂದುಕೊಂಡು ಅವನ ಅಂಗಿ ಹಿಡಿದೆ. ಎರಡೂ ಕೈಯಲ್ಲಿ! ‘ಬಿಡ್ರೀ ಅಕ್ಕಾರ, ನಮ್ಮನಿ ದಾಟಾಕತ್ತೈತಿ!’ ಎಂದು ಕೂಗಿದ. ನಾನು ಬಿಡಲಿಲ್ಲ. ಮುಂದಿನ ನಿಲುಗಟ್ಟೆ ಬರುವವರೆಗೂ ಬಿಡಲಿಲ್ಲ. ಅಲ್ಲಿ ಇಳಿದು ಅಂಗಿಯ ಹರಿದ ತೋಳನ್ನು ನೋಡಿಕೊಂಡು, ‘ಯಾಕ ತಡಾ ಆತು ಅಂತ ನಮ್ಮವ್ವಗ ನೀವ ಹೇಳ್ರಿ’ ಎಂದು ಫೋನನ್ನು ನನ್ನ ಕೈಗಿಟ್ಟ. ಹೇಳಿದೆ. ಆಮೇಲೆ ನಾವು ಮಾತಾಡುವುದು ಮುಗಿಯಲೇ ಇಲ್ಲ.

ಮದುವೆ ನಮ್ಮ ಕಡೆ ಆಯಿತು. ಇನ್ನು ನನ್ನನ್ನು ಮನೆ ತುಂಬಿಸಿಕೊಳ್ಳಬೇಕು. ನಿಮ್ಮ ಓಣಿಯಲ್ಲಿ ಸೊಸೆಯನ್ನು ತುಂಬಿಸಿಕೊಳ್ಳುವುದು ಹೊಸ್ತಿಲಲ್ಲಿ ಅಲ್ಲ, ತಿರುವಿನಲ್ಲಿ. ಹೆಂಗಸರು ಹಳೆ ಬಟ್ಟೆ ಹೊಲಿದ ದಪ್ಪ ಕೌದಿಯ ನಾಲ್ಕು ಮೂಲೆ ಎಳೆದು ಹಿಡಿದು ನಿಲ್ಲುತ್ತಾರೆ, ಸೊಸೆ ಅದರೊಳಗೆ ಜಿಗಿಯಬೇಕು. ನಾನು ದಿನಾ ಸೀರೆಯುಟ್ಟು ಮಂಚದಿಂದ ಜಿಗಿದು ಅಭ್ಯಾಸ ಮಾಡುತ್ತಿದ್ದೇನೆ. ಅತ್ತೆ ಕಸ್ತೂರವ್ವ ಫೋನಿನಲ್ಲಿ ನೋಡಿ ಬೈಯುತ್ತಾರೆ: ‘ಎಡಗಾಲ ಮೊದಲ ಬಿಡವಾ! ಬಲಗಾಲಿನ ಶಾಸ್ತ್ರ ಹಿಡಕೊಂಡ ಕುಂತರ ಮೂತಿ ಮುರಕೊಂಡ ಮನಿ ತುಂಬತಿ.’ ನಾನು ಬಿದ್ದು ಬಿದ್ದು ನಗುತ್ತೇನೆ. ಆಮೇಲೆ ಫೋನಿನ ಮೂಲೆಯಲ್ಲಿ ಅಂಬವ್ವ ಕಾಣುತ್ತಾರೆ. ಅವರು ಫಕ್ಕೀರೇಶನ ಅತ್ತಿಗೆ. ಅವನು ವೈನಿ ಎಂದು ಕರೆಯುತ್ತಾನೆ. ಅವರೂ ಹೀಗೆಯೇ ಸೊಸೆಯಾಗಿ ಬಂದವರು. ಜಿಗಿಯುವಾಗ ಸೆರಗು ಬಾಗಿಲಿಗೆ ಸಿಕ್ಕಿ ಕೌದಿಯ ಆಚೆ ಬಿದ್ದರು. ಅಂದಿನಿಂದ ಎದ್ದು ನಿಂತಿಲ್ಲ. ಈಗ ಮಲಗಿದಲ್ಲಿಯೇ ನನಗಾಗಿ ಕೌದಿ ಹೊಲಿಯುತ್ತಿದ್ದಾರೆ. ನಿನ್ನೆ ಕೇಳಿದರು, ‘ನಿನ್ನ ತೂಕ ಎಷ್ಟ ಐತೆವಾ? ಇನ್ನೊಂದ ಪದರ ಹಾಕ್ಲೇನು?’ ಲೇಔಟಿಗೇ ಬಂದು ಇರುತ್ತೇನೆ ಎಂದು ಫಕ್ಕೀರೇಶ ಅಂದಿದ್ದ. ಬರಲಿ, ಆದರೆ ಅಂಬವ್ವನನ್ನು ಎತ್ತಿಕೊಂಡು ಓಡುವ ಗಾಡಿ ಹತ್ತುವವರು ಯಾರು? ಅದಕ್ಕೆ ನಾನೇ ಬರುತ್ತೇನೆ ಎಂದೆ. ಧೈರ್ಯವಾಗಿಯೇ ಅಂದೆ. ಈಗ ಗಾಡಿಯಲ್ಲಿ ಕೂತರೆ ಸಾಕು, ಆ ತಿರುವು ಬರುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಇನ್ನು ನಿಮ್ಮ ವಿಷಯ. ಬರುವ ಮಂಗಳವಾರ ಮಧ್ಯಾಹ್ನ ನಿಮ್ಮ ಶಾಲೆಯ ಸಭಾಂಗಣದಲ್ಲಿ ಊರಿನ ರೈಲಿನ ನಕ್ಷೆ ತೋರಿಸಿ ಜನರ ಅಭಿಪ್ರಾಯ ಕೇಳುತ್ತಾರೆ. ಆ ನಕ್ಷೆಯಲ್ಲಿ ಹಪ್ಪಳ ಓಣಿಯ ಬಾಯಿಗೇ ಒಂದು ನಿಲ್ದಾಣವಿದೆ, ಪೆನ್ಸಿಲ್ಲಿನಲ್ಲಿ. ಓಣಿಯಲ್ಲಿ ಇಂದಿಗೂ ಯಾರಾದರೂ ನೆಪ ಹೇಳಿದರೆ ಚುಚ್ಚುವ ಮಾತೊಂದಿದೆ: ‘ಹೌದವಾ, ಅವತ್ತ ಬಿಸಲ ಭಾಳ ಚಲೋ ಇತ್ತು!’ ಅವತ್ತು ಎಂದರೆ ಆ ಮಂಗಳವಾರ. ಕವಿದಿದ್ದ ಮೋಡ ಸರಿದು ಒಳ್ಳೆಯ ಬಿಸಿಲು ಬಂದಿತ್ತಂತೆ, ಎಲ್ಲರ ಹಪ್ಪಳವೂ ಮಾಳಿಗೆಯ ಮೇಲೆ. ನೀವು ಪಕ್ಕದ ಮನೆಯ ತಿಪ್ಪವ್ವನಿಗೆ, ‘ನೀ ಹೋಗಿ ಬಾ, ನಿನ್ನ ಹಪ್ಪಳ ನಾ ತಿರುವಿ ಹಾಕತೀನಿ’ ಎಂದಿರಿ. ಅವರು ‘ಆತ ತಗೋ’ ಎಂದು, ಆಚೆ ಮನೆಯವರಿಗೆ ಅದನ್ನೇ ಹೇಳಿದರು. ಮಾತು ಮಾಳಿಗೆಯಿಂದ ಮಾಳಿಗೆಗೆ ದಾಟಿ ಓಣಿಯ ಕೊನೆ ಮುಟ್ಟಿತು. ಕೊನೆಯ ಮನೆಯವರು, ಮುಂದಿನ ಮನೆಗಳವರು ಹೋಗಿಯೇ ಇರುತ್ತಾರೆ ಎಂದುಕೊಂಡರು. ಸಭಾಂಗಣಕ್ಕೆ ಬಂದವರು ಲೇಔಟಿನವರು ಮಾತ್ರ. ಅವರು ನನ್ನ ಹಿರಿಯರು. ಕೆಟ್ಟವರಲ್ಲ, ಯಾರನ್ನೂ ತಳ್ಳಲಿಲ್ಲ. ಬಂದರು, ನಕ್ಷೆಯ ಮೇಲೆ ತಮ್ಮ ಗೇಟು ತೋರಿಸಿದರು, ಅಷ್ಟೇ. ಅಧಿಕಾರಿ ರಬ್ಬರ್ ತರಿಸಿದ.

ದಯವಿಟ್ಟು ಹೋಗಿ. ನೀವೊಬ್ಬರೇ ಅಲ್ಲ, ಹಿಟ್ಟಿನ ಕೈಯಲ್ಲಿಯೇ ಎಲ್ಲರೂ ಹೋಗಿ. ಒಂದು ದಿನದ ಹಪ್ಪಳ ಕೆಟ್ಟರೆ ಕೆಡಲಿ. ಇದನ್ನು ಕೇಳಲು ನನಗೆಷ್ಟು ಭಯ ಗೊತ್ತೇ? ಜಿಗಿಯುವುದಕ್ಕಿಂತ ದೊಡ್ಡ ಭಯ ಇದು. ನೀವು ಹೋದರೆ ಗಾಡಿ ಓಣಿಯಲ್ಲಿ ನಿಲ್ಲುತ್ತದೆ. ನಿಂತರೆ ಫಕ್ಕೀರೇಶ ಬಾಗಿಲಿನಿಂದ ಕಾಲು ಚಾಚುವುದಿಲ್ಲ, ನಾನು ಅವನ ಅಂಗಿ ಹಿಡಿಯುವುದಿಲ್ಲ. ಅವನು ಎಲ್ಲರಂತೆ ಇಳಿದು ಹೋಗುತ್ತಾನೆ. ನಾನು ಕಾಫಿ ಕುಡಿಯುತ್ತ ಇನ್ನೊಂದು ಕಿಟಕಿಯ ಕಡೆ ನೋಡುತ್ತಿರುತ್ತೇನೆ. ಇದನ್ನು ಅವನಿಗೂ ಹೇಳಿದೆ. ‘ವೈನಿ ಎದ್ದ ಅಡ್ಡಾಡತಾಳಲ್ಲ’ ಎಂದ. ಆಮೇಲೆ, ‘ನೀ ಆ ಕಾಫಿ ನನ್ನ ಅಂಗಿ ಮ್ಯಾಲೆ ಚೆಲ್ಲಿಬಿಡು, ಪರಿಚಯ ಆಗತೈತಿ’ ಎಂದು ನಕ್ಕ. ಗುಳಿ ಬಿತ್ತು. ನನಗೆ ಅಳು ಬಂತು. ಅದಕ್ಕೇ ಈ ಕಾಗದವನ್ನು ಮತ್ತೆ ಓದದೆ ಕಳಿಸುತ್ತಿದ್ದೇನೆ.

ಗಾಡಿ ನಿಲ್ಲದಿದ್ದರೆ ಎಡಗಾಲು, ನಿಂತರೆ ಬಲಗಾಲು. ಎರಡನ್ನೂ ಅಭ್ಯಾಸ ಮಾಡಿದ್ದೇನೆ. ಗಾಡಿ ನಿಂತು, ಇದೆಲ್ಲ ಮರೆತುಹೋಗಿ, ಯಾಕೆ ಬಂದೆನೆಂದು ನನಗೇ ತಿಳಿಯದೆ ನಾನು ನಿಮ್ಮ ಓಣಿಯಲ್ಲಿ ಇಳಿದು ನಿಂತಿದ್ದರೆ, ಆ ಹುಡುಗಿಗೆ ಒಂದು ಹಪ್ಪಳ ಕೊಟ್ಟು ಕೂರಿಸಬೇಕೆಂದು ಮನೆಯವರಿಗೆ ಹೇಳಿಡಿ. ನಿಮ್ಮ ಸೊಸೆಯ ಸೊಸೆಯ ಸೊಸೆಯ ಸೊಸೆ ಮಿಥಿಲಾ ಬರುವುದು ಗುರುವಾರ, ಧಾರವಾಡದಿಂದ ಸಂಜೆ ಐದೂಕಾಲಿಗೆ ಹೊರಟು ನಮ್ಮ ಗೇಟಿನಲ್ಲಿ ನಿಲ್ಲುವ ಗಾಡಿಗೆ.