ನೀನು ಮರಳಿನಲ್ಲಿ ಬಚ್ಚಿಟ್ಟ ಕೊಬ್ಬರಿ

ಗಂಗಕ್ಕಾ, ನನ್ನ ಕಿವಿ ಹಿಂಡಿ ಹಿಂಡಿ ಏಳನೆಯ ತರಗತಿಯವರೆಗೆ ದೂಡಿದವಳೇ,

ಈ ಕಾಗದ ಬರೆಯುತ್ತಿರುವವನು ಕೂಡ್ಲಿಗಿಯಿಂದ ಹಡಗಲಿಯವರೆಗೆ ನಾಯಿಗಳ ವಿಷಯದಲ್ಲಿ ಸರಿಸಾಟಿಯಿಲ್ಲದ ನಿನ್ನ ತಮ್ಮ ನಿಂಗಪ್ಪ. ನಾನು ಬೀದಿಯಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಐದು ತಾಲ್ಲೂಕಿನ ನಾಯಿಗಳು ಎದ್ದು ನಿಲ್ಲುತ್ತವೆ. ದನದ ಆಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚುವ ಮೊದಲು ನನಗೆ ಫೋನ್ ಮಾಡಿ ಅಪ್ಪಣೆ ಕೇಳುತ್ತಾರೆ. ನಗುತ್ತಿದ್ದೀಯಾ? ನಗು. ನಾನು ಹೀಗೆ ಕೊಚ್ಚಿಕೊಂಡಾಗಲೆಲ್ಲ "ಸಾಕು, ಇಳಿಯೋ ಕೆಳಗ, ಬಿದ್ದೀ" ಅನ್ನುವವಳು ನೀನೊಬ್ಬಳೇ ಇದ್ದೆ. ಈಗ ಎಷ್ಟು ಮೇಲೆ ಹತ್ತಿದರೂ ಇಳಿಸುವವರಿಲ್ಲ. ಅಲ್ಲಿಯೇ ಕೂತಿರುತ್ತೇನೆ, ಪೆದ್ದನ ಹಾಗೆ.

ಹೊಸಪೇಟೆಯಿಂದ ಜಾಕಿಯನ್ನು ಕೈಚೀಲದಲ್ಲಿ ತಂದ ದಿನ ನಿನಗೆ ನೆನಪಿದೆಯಾ? ನಿನ್ನ ಮಗಳು ಸವಿತಾ ಮನೆಗೊಂದು ಪುಟ್ಟ ನಾಯಿ ಬೇಕೆಂದು ಹಟ ಹಿಡಿದಿದ್ದಳು. ಸಣ್ಣ ನಾಯಿ ಎಂದರೆ ಸಾಧು ನಾಯಿ, ಇದು ನನ್ನ ಶಾಸ್ತ್ರ. ಮಾರುವವನು "ಜಾಕ್ ರಸೆಲ್ ಟೆರಿಯರ್ ರೀ, ಕೆಲಸದ ಜಾತಿ" ಎಂದ. ಕೆಲಸದ ಜಾತಿ ಎಂದರೆ ವಿಧೇಯ ಎಂದುಕೊಂಡೆ. ಚೀಲದ ಬಾಯಿ ಬಿಚ್ಚಿದಾಗ ಬಿಳಿ ಮೈ, ಒಂದು ಕಣ್ಣಿನ ಸುತ್ತ ಕಂದು ಮಚ್ಚೆ, ಅಂಗೈಯಷ್ಟು ಮುಖ. ನೀನು ಬಗ್ಗಿ ನೋಡಿ, "ಏನೋ ನಿಂಗ್ಯಾ, ನಾಯಿ ತಾ ಅಂದ್ರ ಹೆಗ್ಗಣ ತಂದೀ ಅಲ್ಲೋ?" ಎಂದೆ. ಅದು ನಿನ್ನ ಮೂಗು ನೆಕ್ಕಿತು. ಅಂಗನವಾಡಿಯಲ್ಲಿ ಊರ ಮಕ್ಕಳ ಮೂಗು ಒರೆಸಿ ಒರೆಸಿ ನಿವೃತ್ತಳಾಗಿದ್ದ ನೀನು, ಸೆರಗಿನಿಂದ ಮೂಗು ಒರೆಸಿಕೊಂಡೆ. ಅಷ್ಟೇ, ಅದು ಮನೆಯದಾಯಿತು.

ಎಂಟು ದಿನ ಕಳೆಯುವುದರೊಳಗೆ ನಿನ್ನ ಅಂಗಳ ಬೋರ್‌ವೆಲ್ ಕೊರೆಸಿದ ಹಾಗಾಗಿತ್ತು. ತುಳಸಿ ಬುಡ ಹೋಯಿತು, ಬಚ್ಚಲ ಮೋರಿಯ ಕಲ್ಲು ಎದ್ದಿತು, ಪಕ್ಕದ ಮನೆಯವರ ಎರಡು ಕೋಳಿಮರಿ ಹೋದವು. ಸವಿತಾ ಫೋನಿನಲ್ಲಿ ಓದಿ ಹೇಳಿದಳು: "ಮಾಮಾ, ಇದು ತೊಡಿ ಮ್ಯಾಲೆ ಕೂಡೋ ನಾಯಿ ಅಲ್ಲ. ಬಿಲದಾಗ ನುಗ್ಗಿ ನರಿ ಹೊರಗ ಹಾಕೋ ಜಾತಿ ಐತಿ." ನಾನು ಕೂಡಲೇ, "ಗೊತ್ತಿದ್ದೇ ತಂದೀನಿ ತಗೋ, ಊರಾಗ ನರಿ ಬಾಳ ಆಗ್ಯಾವು" ಎಂದೆ. ನಿನ್ನ ಮನೆಯ ಸುತ್ತ ನರಿ ಎಲ್ಲಿತ್ತಕ್ಕಾ? ಸರಪಳಿ ಹಾಕಿ ಕಟ್ಟೋಣವೆಂದರೆ ನೀನು ಒಪ್ಪಲಿಲ್ಲ. "ಕೆಲ್ಸ ಇಲ್ಲದ ನಾಯಿ, ಕೆಲ್ಸ ಇಲ್ಲದ ತಮ್ಮ, ಎರಡೂ ಒಂದ. ಕಟ್ಟಿ ಹಾಕಿದ್ರ ಇನ್ನೂ ಕೆಡ್ತಾವು" ಅಂದೆ. ಆ ಮಾತಿಗೆ ನಾನು ಎರಡು ದಿನ ಮುನಿಸಿಕೊಂಡಿದ್ದೆ. ನೀನು ಗಮನಿಸಲೇ ಇಲ್ಲ.

ಮುನಿಸು ಬಿಟ್ಟು ಮೂರನೆಯ ದಿನ ಬೆಳಿಗ್ಗೆ ಬಂದಾಗ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಹಿತ್ತಿಲಲ್ಲಿ ನೀನು ಒಂದು ಬಂಡಿ ಮರಳು ಹಾಕಿಸಿದ್ದೆ. ಅದರಲ್ಲಿ ಒಣ ಕೊಬ್ಬರಿಯ ಚೂರುಗಳನ್ನು ಅಲ್ಲಲ್ಲಿ ಹೂತು, ಸೊಂಟದ ಮೇಲೆ ಕೈಯಿಟ್ಟು, "ಹುಡುಕಲೇ ಮಗನ" ಅನ್ನುತ್ತಿದ್ದೆ. ಜಾಕಿ ಮರಳಿನಲ್ಲಿ ಮುಳುಗಿ ಬಾಲ ಮಾತ್ರ ಹೊರಗಿತ್ತು. ಸಿಕ್ಕ ಚೂರನ್ನು ಹಲ್ಲು ತಾಗಿಸದೆ ತಂದು ನಿನ್ನ ಪಾದದ ಮುಂದಿಟ್ಟು ಕೂರಬೇಕು. ನೀನು ತಲೆ ಮೇಲೆ ಕೈಯಿಟ್ಟು "ಜಾಣ" ಅನ್ನಬೇಕು. ಆಮೇಲೆಯೇ ಅರ್ಧ ಅವನಿಗೆ, ಅರ್ಧ ಸಾರಿಗೆ. ದಿನಕ್ಕೆ ಎರಡು ಸಲ ಈ ನೌಕರಿ. ತಿಂಗಳಲ್ಲಿ ತುಳಸಿ ಚಿಗುರಿತು. ನರಿ ಹಿಡಿಯುವ ಜಾತಿ ಸವಿತಾಳ ಕಾಲಬಳಿ ಮಲಗಿ ಗೊರಕೆ ಹೊಡೆಯಿತು. ನನಗೂ ಚಿಕ್ಕಂದಿನಲ್ಲಿ ಹಾಗೊಂದು ಮರಳುಗುಡ್ಡೆ ಹಾಕಿಸಿದ್ದರೆ...

ಕೊಟ್ಟೂರಿನ ಮೆಕ್ಕೆಜೋಳದ ಗೋದಾಮಿನಲ್ಲಿ ನಾನು ಬಾಯಿಬಿಟ್ಟ ದಿನವನ್ನು ನಿನಗೆ ಅರ್ಧವಷ್ಟೇ ಹೇಳಿದ್ದೆ. ಅಲ್ಲಿನ ಸಾಹುಕಾರರು ಇಲಿ ಕಾಟವೆಂದು ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಸುಮ್ಮನಿರಬೇಕಿತ್ತು. "ನಮ್ಮ ಜಾಕಿ ಒಂದು ತಾಸಿನಾಗ ಹತ್ತು ಇಲಿ ಕೊಂದು ಸಾಲಾಗಿ ಮಲಗಿಸ್ತಾನ, ಇಲ್ಲಾಂದ್ರ ನಾಯಿ ನಿಮ್ಮದು" ಎಂದುಬಿಟ್ಟೆ. ಸೂಜಿ ಹಾಕಿಸುತ್ತೇನೆಂದು ನಿನಗೆ ಸುಳ್ಳು ಹೇಳಿ ಅವನನ್ನು ನನ್ನ ಮೊಪೆಡ್ಡಿನ ಮುಂದೆ ಕೂರಿಸಿಕೊಂಡು ಕರೆದೊಯ್ದೆ. ಹಮಾಲರೆಲ್ಲ ಚೀಲದ ಮೇಲೆ ಹತ್ತಿ ಕೂತಿದ್ದರು. ಜಾಕಿ ಚೀಲದ ಸಂದಿಗೆ ನುಗ್ಗಿದ. ಚಣದಲ್ಲಿ ಬಾಯಲ್ಲಿ ದೊಡ್ಡದೊಂದು ಇಲಿ. ನಾನು ಮೀಸೆ ತಿರುವಿದೆ. ಅವನು ನೇರ ನನ್ನ ಬಳಿ ಬಂದು, ಹಲ್ಲು ತಾಗಿಸದೆ, ಜೀವಂತ ಇಲಿಯನ್ನು ನನ್ನ ಪಾದದ ಮುಂದಿಟ್ಟು, ಕೂತು, ಮುಖ ನೋಡಿದ. "ಜಾಣ" ಅನ್ನುವುದನ್ನು ಕಾಯುತ್ತಿದ್ದಾನೆ! ಇಲಿ ಮೊದಲು ನನ್ನನ್ನು ನೋಡಿತು, ಆಮೇಲೆ ಅವನನ್ನು, ಆಮೇಲೆ ಹಮಾಲರ ಕಾಲ ನಡುವೆ ಪಾರಾಯಿತು. ಹೀಗೆ ಏಳು ಇಲಿ ತಂದ, ಏಳನ್ನೂ ಬಿಟ್ಟ. ಒಬ್ಬ ಹಮಾಲ, "ನಿಂಗಪ್ಪ ಮಾಮಾ, ಇದು ಒಂದೇ ಇಲಿ, ಹೊಳ್ಳಿ ಹೊಳ್ಳಿ ಸವಾರಿ ಮಾಡಾಕತ್ತೈತಿ" ಎಂದು ಕೂಗಿದ. ಸಾಹುಕಾರರು ನಕ್ಕು ನಕ್ಕು ಜಾಕಿಯ ಹಗ್ಗ ತಮ್ಮ ಕೈಗೆ ಸುತ್ತಿಕೊಂಡರು. "ಮಾತು ಮಾತೇ" ಎಂದರು. ಐದುನೂರು ಕೊಟ್ಟು ಬಿಡಿಸಿಕೊಂಡು ಬಂದೆನೆಂದು ನಿನಗೆ ಹೇಳಿದೆ. ನೀನು ಬೈಯಲಿಲ್ಲ. ಇಲಿ ಬಿಟ್ಟ ಕಥೆ ಕೇಳಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಜಾಕಿಯ ತಲೆ ಹಿಡಿದು ಏಳು ಸಲ "ಜಾಣ" ಅಂದೆ. ಬಾಕಿ ತೀರಿಸುವವಳ ಹಾಗೆ.

ನೀನು ಹೋದ ಬೆಳಿಗ್ಗೆ ಅವನು ಮರಳುಗುಡ್ಡೆಯ ಮೇಲೆ ಕೂತಿದ್ದ. ಜನ ಬಂದರು, ಹೋದರು, ಅವನು ಕದಲಲಿಲ್ಲ. ದಿನಕರ್ಮ ಮುಗಿದ ಮೇಲೆ ಸವಿತಾ ಹರಪನಹಳ್ಳಿಯಲ್ಲಿ ತನ್ನ ಕಚೇರಿಯ ಹತ್ತಿರ ಮಹಡಿ ಮೇಲೊಂದು ಮನೆ ಹಿಡಿದಳು. ನೀನಿಲ್ಲದ ಖಾಲಿ ಮನೆಗೆ ದಿನಾ ಸಂಜೆ ಬಸ್ಸಿಳಿದು ಬರಲು ಅವಳಿಗೂ ಆಗಲಿಲ್ಲ, ಅವಳನ್ನು ತಪ್ಪು ತಿಳಿಯಬೇಡ. ಮಹಡಿಯಲ್ಲಿ ಮರಳು ಎಲ್ಲಿ? ಜಾಕಿ ಹಾಸಿಗೆ ಅಗೆದ, ಬಾಗಿಲು ಕೆರೆದ, ತಟ್ಟೆ ಮುಟ್ಟಲಿಲ್ಲ. ಮನೆ ಮಾಲೀಕರು ಗದರಿದರು. ಸವಿತಾ ಫೋನಿನಲ್ಲಿ ಅಳುತ್ತಿದ್ದಳು: "ಮಾಮಾ, ಗೋದಾಮಿನ ಸಾಹುಕಾರರು ನನಗ ಫೋನ್ ಮಾಡಿದ್ರು. ಜಾಕೀನ ಕೊಡ್ರಿ, ನಾವು ಇಲಿ ಕೊಲ್ಲೋದು ಕಲಿಸ್ಕೋತೀವಿ ಅಂತಾರ. ಅಲ್ಲಾದ್ರೂ ಉಂಡಾನೇನೋ. ಏನ್ ಮಾಡ್ಲಿ?" ನಿನ್ನ ಜಾಣನಿಗೆ ಕೊಲ್ಲುವುದನ್ನು ಕಲಿಸುವುದೇ? ಮೊದಲ ಬಸ್ಸಿಗೆ ಹೋಗಿ ಅವನನ್ನು ಕೊಟ್ಟೂರಿಗೆ, ನನ್ನ ಮನೆಗೆ ಕರೆತಂದೆ.

ನನ್ನ ಹೆಂಡತಿ ಹಾಲಮ್ಮ ಬಾಗಿಲಲ್ಲೇ ಅವನನ್ನು ನೋಡಿ ಸೆರಗು ಬಾಯಿಗಿಟ್ಟಳು. ಎಲುಬು ಎಣಿಸುವ ಹಾಗಾಗಿತ್ತು. "ಹದಿನೈದು ದಿನ ನೋಡೂಣು ರೀ. ಉಣ್ಣಲಿಲ್ಲ ಅಂದ್ರ ಸಾಹುಕಾರರಿಗೇ ಕೊಟ್ಟುಬಿಡ್ರಿ. ಉಪಾಸ ಕೆಡವಿ ಸಾಯಿಸಿದ ಪಾಪ ನಮಗ ಬ್ಯಾಡ" ಎಂದಳು. ತಪ್ಪೇನೂ ಹೇಳಲಿಲ್ಲ. ನಾನು ಮರಳು ಹಾಕಿಸಿದೆ. ಕೊಬ್ಬರಿ ಹೂತೆ. "ಹುಡುಕಲೇ ಮಗನ" ಎಂದೆ, ನಿನ್ನ ಹಾಗೆ ಸೊಂಟದ ಮೇಲೆ ಕೈಯಿಟ್ಟು. ಅವನು ಗೇಟಿನ ಕಡೆ ಮುಖ ಮಾಡಿ ಮಲಗಿದ. ಬಸ್ಸಿನ ಸದ್ದಾದರೆ ತಲೆ ಎತ್ತುವನು, ಮತ್ತೆ ಇಳಿಸುವನು. ಎರಡು ಹನಿ ಹಾಲು ಬಿಟ್ಟರೆ ಬೇರೇನೂ ಇಲ್ಲ. ಅಕ್ಕಾ, ಅವನು ಯಾವ ಬಸ್ಸಿಗೆ ಕಾಯುತ್ತಿದ್ದ? ನನಗೂ ಅದೇ ಬಸ್ಸು...

ಹದಿನೈದನೆಯ ದಿನ ಭಾನುವಾರ. ನಮ್ಮದು ಮೈಲಾರಲಿಂಗನ ಒಕ್ಕಲಲ್ಲವೇ, ಹಾಲಮ್ಮ ಜಗಲಿ ತೊಳೆದು ಅರಿಶಿನದ ಭಂಡಾರ ಇಟ್ಟಿದ್ದಳು. ಆಗ ಅಪ್ಪ ಮಾಡಿಸುತ್ತಿದ್ದ ದೋಣಿ ಸೇವೆ ನೆನಪಿಗೆ ಬಂತು. ಕರಿ ಕಂಬಳಿಯ ಗೊರವಪ್ಪಗಳು ದೇವರ ನಾಯಿಗಳಾಗಿ ಮಂಡಿಯೂರಿ, ಬೊಗಳಿ, ಗುರುಗುಟ್ಟಿ, ದೋಣಿಯಂಥ ಪಾತ್ರೆಯೊಳಗಿನ ಹಾಲು ಬಾಳೆಹಣ್ಣಿಗೆ ಬಾಯಿ ಹಾಕಿ ಒಬ್ಬರಿಂದೊಬ್ಬರು ಕಸಿಯುವುದು. ನಾನು ನಕ್ಕರೆ ನೀನು ತೊಡೆ ಚಿವುಟುತ್ತಿದ್ದೆ. ಏನು ಹೊಳೆಯಿತೋ, ಪಂಚೆ ಎತ್ತಿ ಕಟ್ಟಿ ಮರಳಿನಲ್ಲಿ ಮಂಡಿಯೂರಿದೆ. "ಏಳು ಕೋಟಿಗೇಳು ಕೋಟಿಗೋ" ಎಂದು ಕೂಗಿ, ಎರಡೂ ಕೈಯಿಂದ ಮರಳು ಕೆದರಿ, ಕೊಬ್ಬರಿ ಚೂರನ್ನು ಹಲ್ಲಲ್ಲಿ ಕಚ್ಚಿ ಜಾಕಿಯ ಕಡೆ ತಿರುಗಿ ಗುರುಗುಟ್ಟಿದೆ.

"ಅಯ್ಯೋ ಮೈಲಾರಪ್ಪಾ, ಏಳ್ರೀ! ಓಣ್ಯಾಗಿನ ಮಂದಿ ನೋಡ್ಯಾರು!" ಎಂದು ಹಾಲಮ್ಮ ಕೂಗಿದಳು.

"ನೋಡ್ಲಿ ಬಿಡ" ಎಂದೆ, ಬಾಯಲ್ಲಿ ಕೊಬ್ಬರಿ ಇಟ್ಟುಕೊಂಡೇ.

ಜಾಕಿಯ ಒಂದು ಕಿವಿ ಎದ್ದಿತು. ನಾನು ಇನ್ನೊಂದು ಚೂರು ತೆಗೆದೆ. ಎರಡನೆಯ ಕಿವಿಯೂ ಎದ್ದಿತು. ಅವನ ಪಾಲು ಮತ್ತೊಬ್ಬ ತಿನ್ನುವುದೆಂದರೇನು! ಬಾಣದಂತೆ ಬಂದು ನನ್ನ ಗದ್ದಕ್ಕೆ ಗುದ್ದಿ ಗುಡ್ಡೆಯೊಳಗೆ ನುಗ್ಗಿದ. ಮರಳು ನನ್ನ ಕಣ್ಣು, ಕಿವಿ, ಹಾಲಮ್ಮನ ರಂಗೋಲಿ, ಎಲ್ಲಕ್ಕೂ ಬಿತ್ತು. ಬಾಲ ಮಾತ್ರ ಹೊರಗೆ. ಆಮೇಲೆ ಒಂದು ಚೂರು ತಂದು ನನ್ನ ಮುಂದಿಟ್ಟು ಕೂತ. ನನ್ನ ಮುಖ ನೋಡಿದ, ಹಾಲಮ್ಮನ ಮುಖ ನೋಡಿದ, ನಮ್ಮ ಹಿಂದೆಯೂ ನೋಡಿದ. ನೀನಿರಲಿಲ್ಲ. ಅವನ ತಲೆ ಮೇಲೆ ಕೈಯಿಟ್ಟೆ. ಹಿಂದಿನಿಂದ ಹಾಲಮ್ಮ ಮೆಲ್ಲಗೆ, "ಜಾಣ" ಎಂದಳು.

ತಿಂದ ಅಕ್ಕಾ. ಕೊಬ್ಬರಿ ತಿಂದ, ಅದರ ಮೇಲೆ ಒಂದು ರೊಟ್ಟಿ, ಹಾಲು. ಸವಿತಾ ಈಗ ರಜೆ ಸಿಕ್ಕಾಗಲೆಲ್ಲ ಇಲ್ಲಿಗೇ ಬರುತ್ತಾಳೆ. ಸಾಹುಕಾರರಿಗೆ ಇಲ್ಲವೆಂದು ಹೇಳಿದ್ದೇನೆ. ಅವನು ಇರುವಷ್ಟು ದಿನ ಒಂದು ಇಲಿಯನ್ನೂ ಕೊಲ್ಲಿಸುವುದಿಲ್ಲ, ಇದು ಮಾತು.

ಇನ್ನೊಂದಿದೆ. ಗೋದಾಮಿನಿಂದ ಬಂದ ದಿನ ನೀನು "ಗಾಡಿ ಎಲ್ಲೋ?" ಎಂದು ಕೇಳಿದೆ. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ್ದಾರೆಂದೆ. ನೀನು ನಂಬಿ, ಕೊನೆಯವರೆಗೂ ನನಗೆ ಸಪ್ಪೆ ಚಹ ಕೊಟ್ಟೆ. ನನಗೆ ಯಾವ ಸಕ್ಕರೆ ಕಾಯಿಲೆಯೂ ಇಲ್ಲ. ಸಾಹುಕಾರರು ಹಗ್ಗ ಬಿಡಲಿಲ್ಲ, ಬರಿಗೈಯಲ್ಲಿ ನಿನ್ನ ಬಾಗಿಲಿಗೆ ಬರಲು ನನ್ನಿಂದಾಗಲಿಲ್ಲ. ಮೊಪೆಡ್ಡನ್ನು ಅಲ್ಲೇ ಗುಮಾಸ್ತನಿಗೆ ಮಾರಿದೆ, ಹನ್ನೆರಡು ಸಾವಿರಕ್ಕೆ. ಜೇಬಿನಲ್ಲಿ ಎರಡು ಸಾವಿರದ ಮುನ್ನೂರಿತ್ತು, ಅದನ್ನೂ ಸೇರಿಸಿ ಸಾಹುಕಾರರಿಗೆ ಕೊಟ್ಟೆ. ಐದುನೂರಲ್ಲ ಅಕ್ಕಾ. ಹದಿನಾಲ್ಕು ಸಾವಿರದ ಮುನ್ನೂರು.